ಜೀನ್ ಕೆಟ್ಟಿಲ್ಲ, ಆಫ್ ಆಗಿದೆ

ಸದ್ಯ ನನ್ನ ಲ್ಯಾಪ್‌ಟಾಪ್ ತುಂಬ ದೊಡ್ಡಕರುಳಿನ ಕ್ಯಾನ್ಸರ್ ಡೇಟಾ. ಕ್ಯಾನ್ಸರ್ ಗೆಡ್ಡೆಗಳ ಜೀನ್ ಮಾಹಿತಿ ಕಲೆಹಾಕಿದ ಅಮೆರಿಕದ ಟಿಸಿಜಿಎ ಯೋಜನೆಯದು, ಮೀಥೈಲೇಷನ್ (ಡಿಎನ್‌ಎಗೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟುವುದು) ಅಂಕಿಗಳನ್ನು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ನಾನು ಬಿದ್ದಿರುವುದು ಎಂಎಲ್‌ಎಚ್‌1 ಎಂಬ ಒಂದೇ ಜೀನಿನ ಹಿಂದೆ. ಡಿಎನ್‌ಎ ನಕಲಾಗುವಾಗ ನುಸುಳುವ ತಪ್ಪುಗಳನ್ನು ತಿದ್ದುವ ತಂಡದಲ್ಲಿ ಇದೂ ಒಂದು. ಕೆಲವು ಗೆಡ್ಡೆಗಳಲ್ಲಿ ಇದರ ಒಂದು ಅಕ್ಷರವೂ ಬದಲಾಗಿರುವುದಿಲ್ಲ. ಆದರೂ ಜೀನ್ ಕೆಲಸ ಮಾಡುವುದಿಲ್ಲ. ಕಾರಣ, ಅದರ ಪ್ರೊಮೋಟರ್ ಮೇಲೆ, ಅಂದರೆ ಜೀನನ್ನು ಆನ್ ಮಾಡುವ ಡಿಎನ್‌ಎ ಭಾಗದ ಮೇಲೆ, ಕೂತ ಮೀಥೈಲ್ ಗುಂಪುಗಳು.

ಮೀಥೈಲೇಷನ್ ಅಳೆಯುವ 450ಕೆ ಚಿಪ್ ತಾನು ನೋಡುವ ಡಿಎನ್‌ಎಯ ಪ್ರತಿ ಜಾಗಕ್ಕೂ 0ಯಿಂದ (ಮೀಥೈಲ್ ಇಲ್ಲವೇ ಇಲ್ಲ) 1ರೊಳಗೆ (ಎಲ್ಲ ಪ್ರತಿಗಳಲ್ಲೂ ಇದೆ) ಒಂದು ಬೀಟಾ ಅಂಕಿ ಕೊಡುತ್ತದೆ. ಅದನ್ನು ಅಡ್ಡಕ್ಕೆ, ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಹೇಳುವ ಆರ್‌ಎನ್‌ಎ ಪ್ರಮಾಣವನ್ನು ಮೇಲ್ಮುಖವಾಗಿ ಇಟ್ಟು ಪ್ಲಾಟ್ ಮಾಡಿದರೆ, ಮೀಥೈಲೇಷನ್ ಜಾಸ್ತಿ ಇರುವ ಗೆಡ್ಡೆಗಳು ಕೆಳಗೆ ಬಲಮೂಲೆಯಲ್ಲಿ ಗುಂಪಾಗುತ್ತವೆ. ಆದರೆ ಬೀಟಾ 1ರ ಹತ್ತಿರ ಹೋಗುವುದು ಅಪರೂಪ. ಗೆಡ್ಡೆಯ ತುಂಡಿನಲ್ಲಿ ಈ ಜಾಗದಲ್ಲಿ ಮೀಥೈಲ್ ಇಲ್ಲದ ರಕ್ತದ ಜೀವಕೋಶಗಳೂ ಬೆರೆತಿರುತ್ತವೆ ಅಲ್ವಾ? ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಪೇಪರ್ ಕಂಡರೆ ನನಗೆ ಸಿಟ್ಟು ಬರುತ್ತದೆ.

ಇದು ಸುಮ್ನೆ ಗ್ರಾಫ್ ಆಟ ಅಲ್ಲ. ಗೆಡ್ಡೆಯಲ್ಲಿ ಎಂಎಲ್‌ಎಚ್‌1 ಪ್ರೋಟೀನ್ ಕಾಣದೆ, ಪ್ರೊಮೋಟರ್ ಮೀಥೈಲೇಷನ್ ಸಿಕ್ಕರೆ, ಅದು ಲಿಂಚ್ ಸಿಂಡ್ರೋಮ್ (ತಪ್ಪು ತಿದ್ದುವ ಜೀನ್ ಹುಟ್ಟಿನಿಂದಲೇ ಕೆಟ್ಟು, ಕ್ಯಾನ್ಸರ್ ಸಾಧ್ಯತೆ ಹೆಚ್ಚಿಸುವ, ವಂಶದಲ್ಲಿ ಬರುವ ಸ್ಥಿತಿ) ಆಗಿರುವ ಸಾಧ್ಯತೆ ತುಂಬಾ ಕಡಿಮೆ. ಆಗ ಮಕ್ಕಳನ್ನು, ಒಡಹುಟ್ಟಿದವರನ್ನು ಜೀನ್ ಪರೀಕ್ಷೆಗೆ ಕರೆಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.