ಡೆತ್ ವ್ಯಾಲಿಯ ಬಿಸಿಲಲ್ಲಿ ಕೈಕೊಟ್ಟ ಜನರೇಟರ್

ಜೂನ್ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರುಭೂಮಿ ಕಣಿವೆ ಡೆತ್ ವ್ಯಾಲಿಗೆ ಯಾರಾದರೂ ಹೋಗ್ತಾರಾ ಅಂತ ಅಕ್ಕ ಮೊದಲೇ ಕೇಳಿದ್ದಳು. ಭಾವನ ಲೆಕ್ಕವೇ ಬೇರೆ. ಮಗಳಿಗೆ ರಜೆ ಸಿಗೋದೇ ಆಗ, ಮಲಗೋಕೆ, ಅಡುಗೆಗೆ ಜಾಗವಿರುವ ಮನೆಗಾಡಿ ಮೋಟಾರ್‌ಹೋಮ್‌ನ ನೆತ್ತಿ ಮೇಲೆ ಎಸಿ ಇದೆ, ಆ ಎಸಿಗೆ ಕರೆಂಟ್ ಕೊಡೋಕೆ ಗಾಡಿಯ ಪಕ್ಕದ ಗೂಡಲ್ಲಿ 4 ಕಿಲೋವ್ಯಾಟಿನ ಪೆಟ್ರೋಲ್ ಜನರೇಟರ್ ಇದೆ, ಇನ್ನೇನು ಬೇಕು?

ಬೇಕಾಗಿದ್ದು ಒಂದೇ. ಆ ಜನರೇಟರ್ ಮಧ್ಯಾಹ್ನವೂ ಓಡಬೇಕು. ಅದು ಬೆಳಿಗ್ಗೆ ಓಡುತ್ತಿತ್ತು, ರಾತ್ರಿ ಓಡುತ್ತಿತ್ತು, ಬಿಸಿಲು ನೆತ್ತಿಗೇರಿದ ಮೇಲೆ ನಿಂತುಬಿಡುತ್ತಿತ್ತು. ಒಂದು ವರ್ಕ್‌ಶಾಪಿನವರು ಬೆಳಿಗ್ಗೆ ತಂಪು ಹೊತ್ತಲ್ಲಿ ಓಡಿಸಿ ನೋಡಿ, ಏನೂ ತೊಂದರೆ ಇಲ್ಲ ಅಂತ ವಾಪಸ್ ಕಳಿಸಿದ್ದರು. ಇನ್ನೊಬ್ಬರು ಜನರೇಟರ್ ಮುಟ್ಟಿಯೂ ನೋಡದೆ, ಟ್ಯಾಂಕಿನಿಂದ ಅದಕ್ಕೆ ಪೆಟ್ರೋಲ್ ಎಳೆಯುವ ಪಂಪ್ ಬದಲಿಸಿ ಅಂದಿದ್ದರು. ಭಾವ ಹೊಸ ಪಂಪ್ ತರಿಸಿ, ಡಬ್ಬಿ ಒಡೆಯದೆ ಸೀಟಿನ ಕೆಳಗೆ ಇಟ್ಟುಕೊಂಡಿದ್ದರು. "ದಾರಿಯಲ್ಲಿ ಕೆಟ್ಟರೆ ಹಾಕಿಬಿಡೋಣ ಬಿಡೋ" ಅಂದರು. ಕೆಟ್ಟಿರೋದು ಪಂಪೇ ಅಂತ ಯಾರು ನೋಡಿದ್ದಾರೆ ಭಾವ ಅಂದೆ. ಅದಕ್ಕೆ ಅವರು ಉತ್ತರ ಕೊಡಲಿಲ್ಲ.

ಬೇಕರ್ ಊರಿನ ಹತ್ತಿರ ಹೆದ್ದಾರಿ ಬಿಟ್ಟು 127ನೇ ರಸ್ತೆ ಹಿಡಿದೆವು. ಅಲ್ಲಿಂದ ಉತ್ತರಕ್ಕೆ ಬರೀ ಬಯಲು, ಬೋಳು ಗುಡ್ಡ, ನೇರ ರಸ್ತೆ. ಜನರೇಟರ್ ಗುರುಗುಟ್ಟುತ್ತಾ ಚೆನ್ನಾಗೇ ಓಡುತ್ತಿತ್ತು. ಮೊದಲ ತೊಂದರೆ ಬಂದಿದ್ದು ಸೊಸೆಯಿಂದ, ಅಂದರೆ ಅಕ್ಕನ ಮಗಳಿಂದ. ತಲೆ ಒಣಗಿಸೋಕೆ ಹೇರ್ ಡ್ರೈಯರ್ ಹಾಕಿದಳು, ಟಪ್ ಅಂತ ಎಲ್ಲಾ ಆಫ್. "ನೋಡು, ಶುರುವಾಯ್ತು" ಅಂತ ಭಾವ ಗಾಡಿ ಪಕ್ಕಕ್ಕೆ ಹಾಕಿದರು. ಆದರೆ ಎಂಜಿನ್ ಸದ್ದು ಹಾಗೇ ಇತ್ತು. ಬಿದ್ದಿದ್ದು 30 ಆಂಪಿಯರಿನ ಬ್ರೇಕರ್ ಮಾತ್ರ. ಎಸಿಗೆ 14 ಆಂಪಿಯರ್, ಡ್ರೈಯರಿಗೆ 12ರ ಮೇಲೆ, ಜೊತೆಗೆ ಬ್ಯಾಟರಿ ಚಾರ್ಜರ್, ಅದೂ ಇದೂ. ಬಿಸಿಯಾದ ಬ್ರೇಕರ್ ತಂಪಿದ್ದಾಗಿಗಿಂತ ಬೇಗ ಬೀಳುತ್ತೆ ಬೇರೆ. ಅದನ್ನು ಮತ್ತೆ ಎತ್ತಿದೆವು, ಡ್ರೈಯರ್ ಡ್ರಾಯರ್‌ಗೆ ಹೋಯಿತು.

ಈ ಗಲಾಟೆಯಿಂದ ಒಂದು ಒಳ್ಳೇದಾಯಿತು. ಎಂಜಿನ್ ಓಡುತ್ತಿದ್ದು ಕರೆಂಟ್ ಮಾತ್ರ ಹೋದರೆ ದೋಷ ಲೋಡಿನಲ್ಲೋ ವೈರಿಂಗಿನಲ್ಲೋ ಜನರೇಟರಿನ ವಿದ್ಯುತ್ ಭಾಗದಲ್ಲೋ ಇರುತ್ತೆ. ಎಂಜಿನ್ನೇ ನಿಂತರೆ ಪೆಟ್ರೋಲ್, ಕಿಡಿ, ಆಯಿಲ್, ಈ ಮೂರರ ಹಿಂದೆ ಹೋಗಬೇಕು. "ನಿಮ್ಮದು ಯಾವುದು ಭಾವ?" ಅಂದೆ. "ಎಂಜಿನ್ನೇ ನಿಲ್ಲುತ್ತೆ." "ಹೇಗೆ ನಿಲ್ಲುತ್ತೆ? ಸ್ವಿಚ್ ಆಫ್ ಮಾಡಿದ ಹಾಗಾ, ಇಲ್ಲಾ ಕೆಮ್ಮಿ ಕೆಮ್ಮಿಯಾ?" ಅದನ್ನು ಅವರು ಗಮನಿಸಿರಲಿಲ್ಲ. ಎಸಿ ನಿಂತ ತಕ್ಷಣ ಅಕ್ಕ ಬೈಯೋಕೆ ಶುರು ಮಾಡ್ತಾಳೆ, ಸದ್ದು ಕೇಳೋಕೆ ಬಿಡುವು ಎಲ್ಲಿ ಅಂದರು.

ಡೆತ್ ವ್ಯಾಲಿ ಜಂಕ್ಷನ್‌ನಲ್ಲಿ ಎಡಕ್ಕೆ 190ನೇ ರಸ್ತೆ. ಝಬ್ರಿಸ್ಕಿ ಪಾಯಿಂಟಿನ ಹಳದಿ ಮಣ್ಣಿನ ಮಡಿಕೆಗಳನ್ನು ಐದು ನಿಮಿಷ ನೋಡಿ ಓಡಿ ಬಂದು ಗಾಡಿ ಸೇರಿಕೊಂಡೆವು. ಅಷ್ಟು ಬಿಸಿಲು. ಅಲ್ಲಿಂದ ಇಳಿದರೆ ಫರ್ನೆಸ್ ಕ್ರೀಕ್. ಸಮುದ್ರ ಮಟ್ಟಕ್ಕಿಂತ ಕೆಳಗಿರುವ ಜಾಗ ಇದು. 1913ರ ಜುಲೈ 10ರಂದು 56.7 ಡಿಗ್ರಿ ದಾಖಲಾಗಿದ್ದು ಇಲ್ಲೇ. ನಾವು ಹೋದಾಗ ಗಾಳಿಯ ಬಿಸಿ 45ರ ಆಸುಪಾಸು. ಇಲ್ಲಿನ ನೆಲದ ಬಿಸಿ 1972ರಲ್ಲಿ ಒಮ್ಮೆ 93.9 ಡಿಗ್ರಿ ಮುಟ್ಟಿತ್ತಂತೆ. ಓದಿದಾಗ ಸುಮ್ನೆ ಒಂದು ದೊಡ್ಡ ಸಂಖ್ಯೆ ಅನ್ನಿಸಿತ್ತು. ಜನರೇಟರ್ ಗಾಳಿ ಎಳೆದುಕೊಳ್ಳುವುದು ನೆಲದಿಂದ ಒಂದೆರಡು ಅಡಿ ಮೇಲಿನಿಂದ ಅನ್ನೋದು ನೆನಪಾದಾಗ ಅದರ ಅರ್ಥ ಆಯಿತು. ಮುಖಕ್ಕೆ ತಗಲುವ ಗಾಳಿಯೇ 45 ಇದ್ದರೆ ಡಾಂಬರಿನ ಮೇಲೆ ನಿಂತ ಗಾಡಿಯ ಅಡಿಯ ಗಾಳಿ ಇನ್ನೂ ಎಷ್ಟೋ ಜಾಸ್ತಿ ಇರುತ್ತೆ. ಅದರ ಮೇಲೆ ಜನರೇಟರ್ ತಾನೇ ಹೊರಗೆ ಊದಿದ ಬಿಸಿ ಗಾಳಿ ಗಾಡಿಯಡಿ ಸುತ್ತಿ ಮತ್ತೆ ಅದರ ಬಾಯಿಗೇ ಹೋಗುತ್ತೆ. ಗಾಡಿ ಓಡುವಾಗ ಈ ತೊಂದರೆ ಕಡಿಮೆ, ನಿಲ್ಲಿಸಿದಾಗ ಜಾಸ್ತಿ.

ನಿಲ್ಲಿಸಿ ಅರ್ಧ ಗಂಟೆ ಆಗಿರಲಿಕ್ಕಿಲ್ಲ, ಶುರುವಾಯಿತು. ಈ ಸಲ ನಾನು ಹೊರಗೇ ನಿಂತಿದ್ದೆ. ಮೊದಲು ಸದ್ದು ಏರಿತು, ಇಳಿಯಿತು, ಮತ್ತೆ ಏರಿತು. ಎಸಿ ಕಂಪ್ರೆಸರ್ ಭಾರ ಎಳೆದ ಹಾಗೆ ಹೂಂಕರಿಸಿತು, ಒಳಗೆ ದೀಪ ಮಂಕಾಗಿ ಬೆಳಗಾಗಿ ಆಡಿತು. ಆಮೇಲೆ ನಾಲ್ಕೈದು ಕೆಮ್ಮು, ನಿಂತಿತು.

ಹೀಗೆ ಸಾಯುವ ಎಂಜಿನ್ ಹೆಚ್ಚಾಗಿ ಪೆಟ್ರೋಲ್ ಸಾಲದೆ ಸಾಯುತ್ತೆ. ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್ ಬಿಸಿಗೆ ಕೈಕೊಟ್ಟರೆ ಸಾಮಾನ್ಯವಾಗಿ ಕತ್ತರಿಸಿದ ಹಾಗೆ ಒಂದೇ ಏಟಿಗೆ ನಿಲ್ಲುತ್ತೆ, ಆಯಿಲ್ ಒತ್ತಡ ಇಳಿದು ಅದರ ಸ್ವಿಚ್ ಎಂಜಿನ್ ನಿಲ್ಲಿಸಿದರೂ ಹಾಗೇ. ಆದರೆ ಸದ್ದನ್ನೇ ನಂಬಿಕೊಂಡು ಕೂರೋದು ನನಗೆ ಇಷ್ಟವಿಲ್ಲ. ಬಿಸಿ ಇರುವಾಗಲೇ ಪರೀಕ್ಷೆ ಮಾಡಬೇಕು, ಇದೊಂದು ವಿಷಯದಲ್ಲಿ ನಾನು ಹಟಮಾರಿ. ಬಿಸಿಗೆ ಕೆಡುವ ಯಂತ್ರ ತಂಪಾದ ಮೇಲೆ ಸಾಕ್ಷಿ ಉಳಿಸುವುದಿಲ್ಲ. ಆ ವರ್ಕ್‌ಶಾಪಿನವರಿಗೆ ಏನೂ ಕಾಣದೇ ಇದ್ದದ್ದು ಅದಕ್ಕೇ. "ಮೊದಲು ಒಳಗೆ ಬಾರೋ, ಸತ್ತು ಹೋಗ್ತೀಯ" ಅಂತ ಅಕ್ಕ ಕಿಟಕಿಯಿಂದ ಕೂಗಿದಳು. ಒದ್ದೆ ಟವಲ್ ಕತ್ತಿಗೆ ಸುತ್ತಿಕೊಂಡೆ. ಅಲ್ಲಿನ ಒಣ ಗಾಳಿಗೆ ಅದು ಒಣಗೋಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ, ಆದರೂ ಒದ್ದೆ ಇರುವಷ್ಟು ಹೊತ್ತು ಸ್ವರ್ಗ.

ಮೊದಲು ದೀಪದ ಸಂಕೇತ. ನಮ್ಮ ಮಾಡೆಲ್‌ನಲ್ಲಿ ಸ್ಟಾಪ್ ಬಟನ್ ಮೂರು ಸಲ ಒತ್ತಿದರೆ ಸ್ವಿಚ್ಚಿನ ದೀಪ ಮಿಣುಕಿ ಕಾರಣ ಹೇಳುತ್ತೆ. ಮೂರು ಸಲ ಮಿಣುಕಿ, ತಡೆದು, ಆರು ಸಲ ಮಿಣುಕಿತು. 36. ಯಾರೂ ನಿಲ್ಲು ಅನ್ನದೆ ಎಂಜಿನ್ ತಾನೇ ನಿಂತಿದೆ ಅಂತ ಅರ್ಥ. ಗೊತ್ತಿದ್ದದ್ದನ್ನೇ ಹೇಳಿತು ಅನ್ನಿಸಬಹುದು, ಆದರೆ ಆಯಿಲ್ ಸ್ವಿಚ್ ನಿಲ್ಲಿಸಿದ್ದರೆ ಬೇರೆ ಸಂಖ್ಯೆ ಬರುತ್ತಿತ್ತು. ಕಡ್ಡಿ ಎಳೆದು ಆಯಿಲ್ ಮಟ್ಟ ನೋಡಿದೆ, ಸರಿ ಇತ್ತು. ಆಮೇಲೆ ಕಿಡಿ. ಪ್ಲಗ್ಗಿಗೂ ಅದರ ವೈರಿಗೂ ನಡುವೆ ಸಿಕ್ಕಿಸುವ ಪುಟ್ಟ ದೀಪದ ಟೆಸ್ಟರ್ ಭಾವನ ಹತ್ತಿರ ಇತ್ತು. ಅವರು ಸ್ಟಾರ್ಟ್ ಒತ್ತಿದರು, ದೀಪ ತಪ್ಪದೆ ಮಿಂಚಿತು. ಅಲ್ಲಿಗೆ ಕಾಯಿಲ್ ಮೇಲಿನ ಅನುಮಾನ ಹೋಯಿತು. ಬಿಚ್ಚಿದ ಪ್ಲಗ್ಗಿನಿಂದ ಹೊರಗೆ ಕಿಡಿ ಹಾರಿಸಿ ನೋಡೋರಿದ್ದಾರೆ. ಪೆಟ್ರೋಲ್ ಆವಿ ಇರುವ ಗೂಡಲ್ಲಿ ಅದನ್ನು ದಯವಿಟ್ಟು ಮಾಡಬೇಡಿ.

ಉಳಿದದ್ದು ಪೆಟ್ರೋಲ್. ಮೋಟಾರ್‌ಹೋಮ್‌ಗಳಲ್ಲಿ ಜನರೇಟರಿನ ಪೆಟ್ರೋಲ್ ಕೊಳವೆ ಟ್ಯಾಂಕಿನ ತಳದವರೆಗೆ ಇಳಿದಿರೋದಿಲ್ಲ, ಸುಮಾರು ಕಾಲು ಭಾಗ ಉಳಿದಾಗಲೇ ಗಾಳಿ ಎಳೆಯೋಕೆ ಶುರು ಮಾಡುತ್ತೆ. ಎಸಿ ಹಾಕಿಕೊಂಡು ಮಲಗಿದವರು ಬೆಳಿಗ್ಗೆ ಗಾಡಿ ಓಡಿಸೋಕೆ ಪೆಟ್ರೋಲ್ ಇಲ್ಲದೆ ಕೂರಬಾರದು ಅಂತ ಹಾಗೆ ಮಾಡಿರ್ತಾರೆ. ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಇತ್ತು. ಟ್ಯಾಂಕಿನ ಮುಚ್ಚಳಕ್ಕೆ ಗಾಳಿಯಾಡದೆ ಒಳಗೆ ನಿರ್ವಾತ ಕಟ್ಟಿಕೊಂಡರೂ ಹೀಗೇ ಆಗುತ್ತೆ. ಮೆಲ್ಲಗೆ ತಿರುಗಿಸಿದೆ, ಒಳಕ್ಕೆ ಎಳೆದುಕೊಳ್ಳುವ ಸದ್ದು ಬರಲಿಲ್ಲ.

ಆಮೇಲೆ ಬಂದಿದ್ದೇ ನಿಜವಾದ ಸುಳಿವು. ಸ್ಟಾಪ್ ಬಟನ್ ಒತ್ತಿ ಹಿಡಿದರೆ ಎಂಜಿನ್ ತಿರುಗದೆ ಪಂಪ್ ಒಂದೇ ಓಡುತ್ತೆ. ಭಾವ ಒತ್ತಿ ಹಿಡಿದರು, ನಾನು ಕಿವಿ ಕೊಟ್ಟೆ. ಟಕಟಕಟಕ ಅಂತ ಒಂದೇ ಸಮ, ವೇಗವಾಗಿ. ಪಂಪಿನೊಳಗೆ ದ್ರವ ಇದ್ದರೆ ಅದು ಹಾಗೆ ಹೊಡೆದುಕೊಳ್ಳೋದಿಲ್ಲ, ಭಾರಕ್ಕೆ ನಿಧಾನವಾಗಿ ಟಕ್, ಟಕ್ ಅನ್ನುತ್ತೆ. ನಮ್ಮದು ತಳ್ಳುತ್ತಿದ್ದದ್ದು ಬರೀ ಆವಿ. ಇಪ್ಪತ್ತು ನಿಮಿಷ ಬಿಟ್ಟು ಒತ್ತಿದಾಗ ಮೊದಲು ಟಕಟಕ, ನಿಧಾನಕ್ಕೆ ಟಕ್... ಟಕ್. ತಕ್ಷಣ ಸ್ಟಾರ್ಟ್ ಆಯಿತು. ಪಂಪ್ ಸತ್ತಿಲ್ಲ ಭಾವ, ಅದಕ್ಕೆ ಪೆಟ್ರೋಲೇ ಸಿಗ್ತಿಲ್ಲ ಅಂದೆ.

ಪೆಟ್ರೋಲಿಗೆ ನೀರಿನ ಹಾಗೆ ಒಂದೇ ಕುದಿಬಿಂದು ಇಲ್ಲ. ಅದರೊಳಗಿನ ಹಗುರ ಅಂಶಗಳು 40 ಡಿಗ್ರಿ ಆಸುಪಾಸಿನಲ್ಲೇ ಆವಿಯಾಗೋಕೆ ಶುರು ಮಾಡ್ತವೆ. ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ) ಇರುವ ಜನರೇಟರಿನಲ್ಲಿ ಪಂಪ್ ಟ್ಯಾಂಕಿನಿಂದ ದೂರ ಕೂತು ಎಳೆಯುತ್ತೆ. ಎಳೆಯುವ ಕಡೆ ಒತ್ತಡ ಕಡಿಮೆ, ಒತ್ತಡ ಕಡಿಮೆ ಆದಷ್ಟೂ ಬೇಗ ಕುದಿಯುತ್ತೆ. ಇದನ್ನೇ ಮೆಕ್ಯಾನಿಕ್‌ಗಳು ವೇಪರ್ ಲಾಕ್ ಅನ್ನೋದು. ಹಾಗಂತ ಎಲ್ಲರ ಜನರೇಟರೂ ಬಿಸಿಲಲ್ಲಿ ನಿಲ್ಲೋದಿಲ್ಲವಲ್ಲ. ನಮ್ಮದರಲ್ಲಿ ಎಲ್ಲೋ ಒಂದು ಕಡೆ ಬಿಸಿ ಜಾಸ್ತಿ ತಗಲುತ್ತಿರಬೇಕು.

ಎಂಜಿನ್ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಕೊಟ್ಟು, ದಪ್ಪ ಚಾಪೆ ಹಾಸಿ ಕೆಳಗೆ ತೂರಿದೆ. ಚಾಪೆ ಇಲ್ಲದೆ ಆ ನೆಲದ ಮೇಲೆ ಅಂಗೈ ಊರೋಕೂ ಆಗುತ್ತಿರಲಿಲ್ಲ. ಟೈರಿನ ಬಿಸಿ ನೋಡೋಕೆ ಭಾವ ಇಟ್ಟುಕೊಂಡಿದ್ದ ಪಿಸ್ತೂಲಿನಾಕಾರದ ಥರ್ಮಾಮೀಟರ್ ಹಿಡಿದು ಟ್ಯಾಂಕಿನಿಂದ ಪಂಪಿನ ಕಡೆಗೆ ರಬ್ಬರ್ ಕೊಳವೆ ಉದ್ದಕ್ಕೂ ಸರಿಯುತ್ತಾ ಹೋದೆ. 50, 51, 50. ಜನರೇಟರ್ ಹತ್ತಿರ ಬರುತ್ತಿದ್ದ ಹಾಗೆ 78. ಕೊಳವೆಯನ್ನು ಎತ್ತಿ ಹಿಡಿಯಬೇಕಾದ ಕ್ಲಿಪ್ಪು ತುಕ್ಕು ಹಿಡಿದು ಮುರಿದಿತ್ತು. ಕೊಳವೆ ಜೋತುಬಿದ್ದು ಜನರೇಟರಿನ ಸೈಲೆನ್ಸರ್ ಪೈಪಿಗೆ ಎರಡು ಬೆರಳು ಅಂತರದಲ್ಲಿ ತೂಗುತ್ತಿತ್ತು. ಎರಡರ ನಡುವೆ ಇರಬೇಕಾದ ತಗಡು ಇರಲಿಲ್ಲ, ಅದರ ಎರಡು ಬೋಲ್ಟಿನ ತೂತು ಮಾತ್ರ ಇದ್ದವು. ಕೊಳವೆಯ ಆ ಭಾಗ ಒಣಗಿ ಗೆರೆ ಬಿದ್ದಿತ್ತು, ಇನ್ನೂ ಸೋರುತ್ತಿರಲಿಲ್ಲ. ನಿಜ ಹೇಳಬೇಕಂದ್ರೆ ಎಸಿ ನಿಲ್ಲೋದಕ್ಕಿಂತ ನನಗೆ ಭಯ ಆಗಿದ್ದು ಅದನ್ನು ನೋಡಿ. ಬಿಸಿ ಪೈಪಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತೆ ಅಂತ ಹೇಳಬೇಕಾ? ಆ ದಿನ ಜನರೇಟರ್ ಮುಟ್ಟೋದು ಬೇಡ ಅಂತ ತೀರ್ಮಾನ ಆಯಿತು. ಅಕ್ಕನಿಗೆ ಹೊಸ ಪಂಪಿನ ಡಬ್ಬಿ ತೋರಿಸಿ ಸಮಾಧಾನ ಮಾಡೋಕೆ ಭಾವ ನೋಡಿದರು, ಕೆಲಸ ಮಾಡಲಿಲ್ಲ.

ರಾತ್ರಿ ಕರೆಂಟ್ ಕನೆಕ್ಷನ್ ಇರುವ ಜಾಗ ಸಿಕ್ಕಿತು, ಬಚಾವಾದೆವು. ಮಾರನೇ ದಿನ ಬೆಳಕು ಹರಿಯುವ ಮುಂಚೆ, ಎಲ್ಲಾ ತಣ್ಣಗಿರುವಾಗ, ಕೆಲಸಕ್ಕೆ ಇಳಿದೆವು. ಗೆರೆ ಬಿದ್ದ ತುಂಡು ತೆಗೆದು ಪೆಟ್ರೋಲಿಗೆಂದೇ ಇರುವ ಹೊಸ ರಬ್ಬರ್ ಕೊಳವೆ ಹಾಕಿದೆವು. ಪುಣ್ಯಕ್ಕೆ ಪಂಪಿನ ಡಬ್ಬಿಯಲ್ಲೇ ಒಂದು ಉದ್ದದ ತುಂಡು, ಕ್ಲಾಂಪುಗಳ ಸಮೇತ ಇತ್ತು. ಕೊಳವೆಯನ್ನು ಚಾಸಿಸ್ಸಿನ ಮೇಲಂಚಿಗೆ ಎತ್ತಿ ಕಟ್ಟಿ, ಬಿಸಿ ತಡೆಯುವ ಬೆಳ್ಳಿ ಬಣ್ಣದ ಸುತ್ತುಪಟ್ಟಿ ಹಾಕಿದೆವು. ಅದೇ ಹೊತ್ತಿಗೆ ಗಾಳಿ ಒಳಗೆಳೆಯುವ ಜಾಲರಿ ನೋಡಿದರೆ ಅರ್ಧಕ್ಕರ್ಧ ದೂಳು, ಒಣಹುಲ್ಲು. ಬ್ರಷ್ಷಿನಿಂದ ತೆಗೆದೆ. ಗಾಳಿಯಿಂದ ತಣ್ಣಗಾಗುವ ಎಂಜಿನ್ನಿಗೆ ಆ ಜಾಲರಿ ಕಟ್ಟಿದರೆ ಉಸಿರುಗಟ್ಟುತ್ತೆ, ಗೂಡಿನ ಬಿಸಿಯೂ ಏರುತ್ತೆ.

ನಮ್ಮ ದಾರಿಯಲ್ಲಿ ಮುಂದೆ ಸಿಗುವ ಸ್ಟವ್‌ಪೈಪ್ ವೆಲ್ಸ್ ಹೆಚ್ಚೂಕಮ್ಮಿ ಸಮುದ್ರ ಮಟ್ಟದಲ್ಲಿದೆ. ಅಲ್ಲಿಂದ ಟೌನ್ ಪಾಸ್ ಅನ್ನೋ ಘಾಟಿ ಸುಮಾರು 1,510 ಮೀಟರ್ ಎತ್ತರ, ಮೂವತ್ತು ಕಿಲೋಮೀಟರಿನೊಳಗೆ ಅಷ್ಟೂ ಏರಬೇಕು. ಎಂಜಿನ್ ಕಾಯುವುದನ್ನು ತಪ್ಪಿಸೋಕೆ ಗಾಡಿಯ ಎಸಿ ಆಫ್ ಮಾಡಿ ಅಂತ ರಸ್ತೆ ಬದಿಯಲ್ಲೇ ಬೋರ್ಡ್ ಹಾಕಿದ್ದಾರೆ. ಡ್ಯಾಶ್‌ಬೋರ್ಡಿನ ಎಸಿ ಗಾಡಿಯ ಎಂಜಿನ್ ಮೇಲೆ ಭಾರ ಹಾಕುತ್ತೆ, ನೆತ್ತಿಯ ಎಸಿ ಹಾಕೋದಿಲ್ಲ. ಅಂದರೆ ಜನರೇಟರ್ ನಿಜವಾಗಿ ಬೇಕಾಗೋದೇ ಈ ಘಾಟಿಯಲ್ಲಿ. ತಂಪಿರುವಾಗಲೇ ಹತ್ತಿಬಿಡೋಣ ಅಂತ ಭಾವ ಅವಸರ ಮಾಡಿದರು. ಅದಾದರೆ ರಿಪೇರಿ ಆಗಿದೆಯೋ ಇಲ್ಲವೋ ಗೊತ್ತಾಗೋದು ಹೇಗೆ? ಗಾಡಿ ಅಲ್ಲೇ ನಿಲ್ಲಿಸಿ, ಡಾಂಬರು ಬಿಟ್ಟು ಜಲ್ಲಿ ನೆಲ ನೋಡಿ, ಎಸಿ ಹಾಕಿ ಮಧ್ಯಾಹ್ನದವರೆಗೆ ಕಾದೆವು. ಎಕ್ಸಾಸ್ಟ್ ಕಡೆಯ ಕಿಟಕಿಗಳೆಲ್ಲಾ ಮುಚ್ಚಿದ್ದೆವು, ಕಾರ್ಬನ್ ಮಾನಾಕ್ಸೈಡ್ ಅಲಾರಂ ಒತ್ತಿ ನೋಡಿಕೊಂಡಿದ್ದೆವು. ಫ್ರಿಜ್ಜನ್ನು ಗ್ಯಾಸಿಗೆ ಹಾಕಿ ಸ್ವಲ್ಪ ಲೋಡ್ ಇಳಿಸಿದ್ದೆ. ಎರಡೂವರೆಗೆ ಥರ್ಮಾಮೀಟರ್ ಹಿಡಿದರೆ ಕೊಳವೆ 54. ಜನರೇಟರ್ ಒಂದು ಸಲವೂ ಕೆಮ್ಮಲಿಲ್ಲ.

ಆಮೇಲೆ ಹತ್ತಿದೆವು. ಎತ್ತರಕ್ಕೆ ಹೋದ ಹಾಗೆ ಗಾಳಿ ತೆಳುವಾಗಿ, 300 ಮೀಟರಿಗೆ ಸುಮಾರು ಮೂರೂವರೆ ಶೇಕಡದಂತೆ ಜನರೇಟರಿನ ಬಲ ಇಳಿಯುತ್ತೆ. ಪಾಸಿನ ತುದಿಯಲ್ಲಿ, ಬಿಸಿಯ ಲೆಕ್ಕವೂ ಸೇರಿ, 4 ಕಿಲೋವ್ಯಾಟಿನದು ಮೂರೂ ಕಾಲರ ಆಸುಪಾಸಿಗೆ ಬಂದಿರುತ್ತೆ. ಒಂದು ಎಸಿಗೆ ಅದು ಧಾರಾಳ. ಕಾರ್ಬ್ಯುರೇಟರಿನ ಪಕ್ಕ ಎತ್ತರಕ್ಕೆ ತಕ್ಕ ಹಾಗೆ ತಿರುಗಿಸುವ ಗುಂಡಿ ಇದೆ, ಆದರೆ ಒಂದೇ ದಿನ ಹತ್ತಿ ಇಳಿಯುವವರು ಅದರ ತಂಟೆಗೆ ಹೋಗದಿರೋದು ವಾಸಿ. ಎತ್ತರದ ಸೆಟ್ಟಿಂಗಿನಲ್ಲೇ ಕಣಿವೆಗೆ ಇಳಿದರೆ ಪೆಟ್ರೋಲ್ ಸಾಲದೆ ಎಂಜಿನ್ ಇನ್ನೂ ಕಾಯುತ್ತೆ.

ಪನಮಿಂಟ್ ಕಣಿವೆ ದಾಟಿ ಇನ್ನೊಂದು ಏರು ಹತ್ತಿ ಸಂಜೆ ಲೋನ್ ಪೈನ್ ಸೇರಿದೆವು. ಎದುರಿಗೆ ವಿಟ್ನಿ ಶಿಖರ, 4,421 ಮೀಟರ್. ಸೊಸೆ ಕೇಳಿದ ಮೊದಲ ಪ್ರಶ್ನೆ, ಮಾವ, ಈಗ ಡ್ರೈಯರ್ ಹಾಕಬಹುದಾ ಅಂತ. ಎಸಿ ಆಫ್ ಮಾಡಿ ಹಾಕಿಕೋ ಅಂದೆ. ಭಾವ ಪಂಪಿನ ಡಬ್ಬಿಗೆ ಮತ್ತೆ ಅಂಟು ಹಚ್ಚುತ್ತಿದ್ದರು, ವಾಪಸ್ ತಗೋತಾರಾ ನೋಡೋಣ ಅಂತ. ಒಳಗಿನ ಕೊಳವೆ ತುಂಡು ನಾವು ಬಳಸಿದ್ದು ಅವರಿಗೆ ನೆನಪಾಗಿದ್ದು ಅಂಟು ಹಚ್ಚಿ ಮುಗಿದ ಮೇಲೆ. ಸೈಲೆನ್ಸರಿನ ಹೊಸ ತಗಡು ಊರಿಗೆ ಹೋಗಿ ಹಾಕಿಸಿಯೂ ಆಯಿತು.