ಹಚ್ಚೆ ಇದ್ದರೆ ಎಂಆರ್‌ಐ ಮಾಡಿಸಬಹುದಾ?

ಮಾಡಿಸಬಹುದು. ಟ್ಯಾಟೂ ಇದೆ ಅಂತ ಹೆದರಿ ಡಾಕ್ಟರ್ ಬರೆದುಕೊಟ್ಟ ಸ್ಕ್ಯಾನ್ ತಪ್ಪಿಸಬೇಡಿ, ದಯವಿಟ್ಟು. ಎಕ್ಸ್‌ರೇ, ಸಿಟಿ ಸ್ಕ್ಯಾನ್‌ನಲ್ಲಿ ಆಯಸ್ಕಾಂತವೇ ಇಲ್ಲ, ಅಲ್ಲಿ ಈ ಭಯ ಬೇಡ. ದೊಡ್ಡ ಆಯಸ್ಕಾಂತ ಇರುವ ಎಂಆರ್‌ಐನಲ್ಲಿ ಮಾತ್ರ ಸ್ವಲ್ಪ ಗಮನ ಬೇಕು, ಯಾಕಂದ್ರೆ ಕೆಲವು ಕಪ್ಪು, ಕಂದು, ಕೆಂಪು ಇಂಕುಗಳಲ್ಲಿ ಕಬ್ಬಿಣದ ಆಕ್ಸೈಡ್ ಇರುತ್ತದೆ, ಯಂತ್ರದ ರೇಡಿಯೋ ಅಲೆಗಳಿಂದ ಆ ಜಾಗ ಬಿಸಿಯಾಗಬಹುದು ಇಲ್ಲವೇ ಆಯಸ್ಕಾಂತದ ಸೆಳೆತಕ್ಕೆ ಚರ್ಮ ಎಳೆದ ಹಾಗೆ ಅನ್ನಿಸಬಹುದು.

ಇದು ತುಂಬಾ ಅಪರೂಪ. 2019ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನದಲ್ಲಿ 330 ಜನ, ಅವರ ಮೈಮೇಲೆ ಒಟ್ಟು 932 ಟ್ಯಾಟೂ. ತೊಂದರೆ ಆಗಿದ್ದು ಒಬ್ಬರಿಗೆ, ಅದೂ ಒಂದು ದಿನದೊಳಗೆ ಹೋಯಿತು. ಆದರೆ ತೀರಾ ದೊಡ್ಡ ಟ್ಯಾಟೂ ಇದ್ದವರನ್ನು, ತಲೆ, ಕುತ್ತಿಗೆ ಮೇಲೆ ಹಾಕಿಸಿಕೊಂಡವರನ್ನು ಅದರಲ್ಲಿ ಸೇರಿಸಿರಲಿಲ್ಲ, ಇದೂ ಗೊತ್ತಿರಲಿ.

ನಮ್ಮ ಅಜ್ಜಿಯರ ಮುಂಗೈ ಮೇಲಿನ ಹಸಿರು ಹಚ್ಚೆ ಸಾಮಾನ್ಯವಾಗಿ ದೀಪದ ಮಸಿಯಿಂದ ಹಾಕಿದ್ದು. ಮಸಿ ಅಂದರೆ ಇಂಗಾಲ, ಕಬ್ಬಿಣವಲ್ಲ. ಆದರೂ ಟೆಕ್ನಿಷಿಯನ್‌ಗೆ ಮೊದಲೇ ಹೇಳಿ. ಹುಬ್ಬಿಗೆ ಮಾಡಿಸಿದ ಪರ್ಮನೆಂಟ್ ಮೇಕಪ್ ಕೂಡ ಟ್ಯಾಟೂನೇ ಅಲ್ವಾ, ಅದನ್ನೂ ಹೇಳಿ. ಒಳಗೆ ಕಳಿಸುವಾಗ ಟೆಕ್ನಿಷಿಯನ್‌ನ ಕರೆಯೋಕೆ ಕೈಗೆ ಒಂದು ಒತ್ತುವ ರಬ್ಬರ್ ಬಲ್ಬ್ ಕೊಡುತ್ತಾರೆ. ಚುರ್ ಅಂದ ತಕ್ಷಣ ಒತ್ತಿ, ಸುಮ್ನೆ ಸಹಿಸಿಕೊಂಡು ಮಲಗಬೇಡಿ.