ಹಿತ್ತಲ ಶೆಡ್ ಸೋಲಾರ್: ಮೂರು ವಾರ ಕಾಡಿದ ಕಳ್ಳ ಕೇಬಲ್ ತುದಿಯ ಲಗ್ ಒಳಗೇ ಕೂತಿದ್ದ

ಕೊನೆಗೂ ಬೆಂಚ್ ಗ್ರೈಂಡರ್ ಕತ್ತಲಾದ್ಮೇಲೂ ತಿರುಗ್ತು! ಕಳೆದ ಸಲ ಬರೆದಾಗ ಪ್ಯಾನಲ್ ಹತ್ತಿಸಿದ್ದು, ಎಂಪಿಪಿಟಿ (ಪ್ಯಾನಲ್‌ನಿಂದ ಬ್ಯಾಟರಿ ಚಾರ್ಜ್ ಮಾಡೋ ಕಂಟ್ರೋಲರ್) ಕೂರಿಸಿದ್ದು ಎಲ್ಲ ಹೇಳಿದ್ದೆ, ಮತ್ತೆ ಅದನ್ನೇ ಹೇಳಲ್ಲ. ನೆನಪಿಗೆ ಅಷ್ಟೇ: 200 ವ್ಯಾಟ್ ಪ್ಯಾನಲ್ ಎರಡು ಸೀರೀಸ್‌ನಲ್ಲಿ, 12.8 ವೋಲ್ಟ್ 100 ಎಎಚ್ (ಆಂಪ್ ಅವರ್) ಎಲ್‌ಎಫ್‌ಪಿ, ಅಂದ್ರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಅದರ ಡಿಸಿನ ಮನೆ ಕರೆಂಟ್ ಥರ ಎಸಿ ಮಾಡೋಕೆ 1000 ವ್ಯಾಟ್ ಪ್ಯೂರ್ ಸೈನ್ ಇನ್ವರ್ಟರ್. ಲೈಟು, ಫ್ಯಾನು, ಸೋಲ್ಡರಿಂಗ್ ಐರನ್, ಲ್ಯಾಪ್‌ಟಾಪ್ ಎಲ್ಲ ಮೊದಲ ದಿನದಿಂದ್ಲೇ ಚೆನ್ನಾಗಿ ನಡೀತಿತ್ತು. ಆದ್ರೆ ಈ ಶೆಡ್‌ಗೆ ಕರೆಂಟ್ ಬೇಕು ಅಂತ ಅನ್ನಿಸಿದ್ದೇ ಉಳಿ ಮಸೆಯೋಕೆ, ಆ 350 ವ್ಯಾಟ್ ಗ್ರೈಂಡರ್ ಒಂದೇ ಹಠ ಹಿಡಿದು ಕೂತಿತ್ತು.

ಏನಾಗ್ತಿತ್ತು ಅಂದ್ರೆ, ಬೆಳಗ್ಗೆ ಹನ್ನೊಂದು ಗಂಟೆಗೆ ಸ್ವಿಚ್ ಹಾಕಿದ್ರೆ ಗ್ರೈಂಡರ್ ಜುಮ್ ಅಂತ ತಿರುಗೋದು. ಸಂಜೆ ಆರೂವರೆಗೆ ಹಾಕಿದ್ರೆ ಚಕ್ರ ಅರ್ಧ ಸುತ್ತು ಬರೋಷ್ಟರಲ್ಲಿ ಇನ್ವರ್ಟರ್ ಕೀ ಅಂತ ಕಿರುಚಿ ಆಫ್. ಲೋ ಬ್ಯಾಟರಿ ಅಂತೆ! ಬ್ಯಾಟರಿ ಟರ್ಮಿನಲ್‌ಗೆ ಮೀಟರ್ ಹಿಡಿದ್ರೆ 13.2, ಅಂದ್ರೆ ಮುಕ್ಕಾಲು ಭಾಗ ತುಂಬಿದೆ. ಹೊಟ್ಟೆ ತುಂಬಿದ ಮಗು ಹಸಿವು ಅಂತ ಅತ್ತಂಗೆ.

ಬಿಸಿಲಿದ್ದಾಗ ಓಡುತ್ತೆ, ಇಲ್ದಿದ್ದಾಗ ಓಡಲ್ಲ ಅಂದ್ರೆ ಯಾರಿಗಾದ್ರೂ ಬ್ಯಾಟರಿ ಮೇಲೇ ಅನುಮಾನ ಬರೋದು, ನನಗೂ ಅಲ್ಲಿಗೇ ಹೋಯ್ತು. ಕೆಪಾಸಿಟಿ ಟೆಸ್ಟ್ ಮಾಡ್ದೆ, ಒಂದು ದಿನ ಪೂರ್ತಿ ಹಿಡೀತು, 98 ಎಎಚ್ ಬಂತು, ಬ್ಯಾಟರಿ ನಿರಪರಾಧಿ. ಆಮೇಲೆ ಬಿಎಂಎಸ್ (ಬ್ಯಾಟರಿ ಒಳಗಿನ ರಕ್ಷಣಾ ಸರ್ಕ್ಯೂಟ್) ಕಟ್ ಮಾಡ್ತಿದೆಯಾ ಅಂತ ಆ್ಯಪ್‌ನಲ್ಲಿ ಲಾಗ್ ನೋಡ್ದೆ, ಒಂದು ಸಲಾನೂ ಟ್ರಿಪ್ ಆಗಿಲ್ಲ. ಆಮೇಲೆ ಮೋಟರ್ ಶುರುವಾಗೋ ಕ್ಷಣದ ಸರ್ಜ್ ಇನ್ವರ್ಟರ್ ತಡೆಯಲ್ಲ ಅಂದ್ಕೊಂಡು ಗೆಳೆಯನ ಹತ್ರ ಇದ್ದ 1500 ವ್ಯಾಟ್‌ದು ತಂದು ಹಾಕ್ದೆ, ಅದೂ ಅದೇ ರಾಗ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಅಂತಾರಲ್ಲ, ಮೂರು ವಾರ ನಡೆದಿದ್ದು ಪೂರ್ತಿ ಅದೇ.

ದಾರಿ ತೋರ್ಸಿದ್ದು ಪುಟ್ಟ ಹ್ಯಾಂಡ್‌ಹೆಲ್ಡ್ ಸ್ಕೋಪ್, ಅಂದ್ರೆ ವೋಲ್ಟೇಜ್ ಕ್ಷಣಕ್ಷಣ ಹೇಗೆ ಬದಲಾಗುತ್ತೆ ಅಂತ ಗೆರೆ ಎಳೆದು ತೋರ್ಸೋ ಆಸಿಲೋಸ್ಕೋಪ್. ಮಲ್ಟಿಮೀಟರ್ ಈ ಕೆಲಸಕ್ಕೆ ತುಂಬಾ ನಿಧಾನ, ಅತಿ ಕಡಿಮೆ, ಅತಿ ಹೆಚ್ಚು ನೆನಪಿಡೋ ಮಿನ್-ಮ್ಯಾಕ್ಸ್ ಇಟ್ರೂ ಎಷ್ಟೋ ಮೀಟರ್‌ಗಳು ಆ ಕ್ಷಣಾನ ಹಿಡಿಯೋದೇ ಇಲ್ಲ. ಸ್ಕೋಪ್‌ನ ಪ್ರೋಬ್ ಇನ್ವರ್ಟರ್‌ನ ಡಿಸಿ ಟರ್ಮಿನಲ್ ಮೇಲೇನೇ ಇಟ್ಟು, ಒಂದೇ ಸಲ ಹಿಡಿದು ನಿಲ್ಲಿಸೋ ಸಿಂಗಲ್ ಶಾಟ್ ಟ್ರಿಗರ್ ಹಾಕಿ ಗ್ರೈಂಡರ್ ಆನ್ ಮಾಡ್ದೆ. ವೋಲ್ಟೇಜ್ 13.2ರಿಂದ ಬಾವಿಗೆ ಬಿದ್ದಂಗೆ 10.3ಕ್ಕೆ ಇಳೀತು. ಇನ್ವರ್ಟರ್ ಕಟಾಫ್ 10.5, ಅದಕ್ಕಿಂತ ಕೆಳಗಿಳಿದ್ರೆ ಆಫ್. ಅದೇ ಹೊತ್ತಲ್ಲಿ ಬ್ಯಾಟರಿ ಟರ್ಮಿನಲ್ ಮೇಲೆ ಹಿಡಿದ್ರೆ 12.4ರ ಕೆಳಗೆ ಇಳಿಯೋದೇ ಇಲ್ಲ. ಇನ್ರಶ್ ಕರೆಂಟ್, ಅಂದ್ರೆ ಶುರುವಿಗೆ ನುಗ್ಗೋ ಕರೆಂಟ್, ಕ್ಲ್ಯಾಂಪ್ ಮೀಟರ್‌ನಲ್ಲಿ 120 ಆಂಪ್ ಹತ್ರ. ಅಂದ್ರೆ ಬ್ಯಾಟರಿಯಿಂದ ಇನ್ವರ್ಟರ್‌ವರೆಗಿನ ಮೂರು ಮೀಟರ್ ದಾರೀಲಿ, ಹೋಗೋದು ಬರೋದು ಸೇರಿ, ಎರಡು ವೋಲ್ಟ್‌ಗೂ ಜಾಸ್ತಿ ಮಾಯ! ಬಿಸಿಲಲ್ಲಿ ಯಾಕೆ ಓಡ್ತಿತ್ತು ಅನ್ನೋದೂ ಆವಾಗ್ಲೇ ಅರ್ಥ ಆಯ್ತು, ಚಾರ್ಜ್ ಆಗ್ತಿರುವಾಗ ಬ್ಯಾಟರಿ 13.8ರಲ್ಲಿ ಇರುತ್ತೆ, ಅಲ್ಲಿಂದ ಇಷ್ಟೇ ಇಳಿದ್ರೂ 10.9ಕ್ಕೆ ನಿಲ್ಲುತ್ತೆ, ಕೂದಲೆಳೆ ಅಂತರದಲ್ಲಿ ಬಚಾವ್.

ಇನ್ನು ಆ ಎರಡು ವೋಲ್ಟ್ ಎಲ್ಲಿ ಹೋಯ್ತು ಅಂತ ಹುಡುಕೋದು. ಗ್ರೈಂಡರ್ ಬಿಟ್ಟು, ಹಳೇ ಹ್ಯಾಲೊಜೆನ್ ಲ್ಯಾಂಪ್ ಎರಡು ಹಚ್ಚಿ ಡಿಸಿ ಕಡೆ ಸ್ಥಿರವಾಗಿ 30 ಆಂಪ್ ಎಳೆಯೋ ಹಾಗೆ ಮಾಡಿ, ಮೀಟರ್‌ನ ಮಿಲಿವೋಲ್ಟ್ ರೇಂಜ್‌ಗೆ ಹಾಕಿ ಒಂದೊಂದೇ ತುಂಡಿನ ಈ ತುದಿಗೆ ಒಂದು ಪ್ರೋಬ್ ಆ ತುದಿಗೆ ಒಂದು ಪ್ರೋಬ್ ಇಡ್ತಾ ಹೋದೆ. ಓಮ್ ರೇಂಜ್‌ನಲ್ಲಿ ಇದು ಸಿಗಲ್ಲ, ಪ್ರೋಬ್ ವೈರ್‌ನ ರೆಸಿಸ್ಟೆನ್ಸೇ ಇದಕ್ಕಿಂತ ಹತ್ತು ಪಟ್ಟು ಇರುತ್ತೆ. ಫ್ಯೂಸ್ ಮೇಲೆ 14 ಮಿಲಿವೋಲ್ಟ್, ಪರ್ವಾಗಿಲ್ಲ. ಡಿಸಿ ಬ್ರೇಕರ್ ಮೇಲೆ 140, ಇದು ಅತಿ ಆಯ್ತು. ಪ್ಲಸ್ ಕೇಬಲ್ 48, ಮೈನಸ್ ಕೇಬಲ್ 50, ಸಣ್ಣಪುಟ್ಟ ಜಾಯಿಂಟ್‌ಗಳೆಲ್ಲ ಸೇರಿ 15. ಆಮೇಲೆ ಬ್ಯಾಟರಿ ಮೈನಸ್‌ನ ಲಗ್ (ಬೋಲ್ಟ್ ಹಾಕೋಕೆ ಕೇಬಲ್ ತುದಿಗೆ ಕೂರಿಸೋ ತೂತಿರೋ ಲೋಹದ ತುಂಡು), ಅದರ ಮುಖದ ಮೇಲೆ ಒಂದು ಪ್ರೋಬ್, ಕೇಬಲ್‌ಗೆ ಗುಂಡುಸೂಜಿ ಚುಚ್ಚಿ ಇನ್ನೊಂದು ಪ್ರೋಬ್, 265! ಬರೀ ಒಂದು ಕ್ರಿಂಪ್, ಕೇಬಲ್‌ನ ಲಗ್ ಒಳಗೆ ಒತ್ತಿ ಹಿಡಿಸಿದ ಜಾಗ! ಮುಟ್ಟಿದ್ರೆ ಬೆಚ್ಚಗೆ. 30 ಆಂಪ್‌ಗೆ ಅಲ್ಲಿ 8 ವ್ಯಾಟ್ ಸುಡ್ತಿದೆ, 120 ಆಂಪ್‌ಗೆ ಲೆಕ್ಕ ಹಾಕಿದ್ರೆ 127 ವ್ಯಾಟ್, ಅದೂ ಮರದ ಗೋಡೆಯ ಶೆಡ್ಡಲ್ಲಿ, ಬ್ಯಾಟರಿ ಪಕ್ಕದಲ್ಲೇ. ಎದೆ ಧಸಕ್ ಅಂತು, ತಕ್ಷಣ ಎಲ್ಲ ಆಫ್ ಮಾಡ್ದೆ.

ಲಗ್ ಕತ್ತರಿಸೋಕೆ ಮುಂಚೆ ಇನ್ನೊಂದು ನಂಬರ್ ತಲೆ ತಿನ್ನೋಕೆ ಶುರು ಮಾಡ್ತು. 25 ಸ್ಕ್ವೇರ್ ಎಂಎಂ ತಾಮ್ರ, ಒಂದೂವರೆ ಮೀಟರ್, ಲೆಕ್ಕದ ಪ್ರಕಾರ ಒಂದು ಮಿಲಿಓಮ್ ಚಿಲ್ರೆ, 30 ಆಂಪ್‌ಗೆ 31, 32 ಮಿಲಿವೋಲ್ಟ್ ಬರ್ಬೇಕು. ಇಲ್ಲಿ ಎರಡೂ ಕೇಬಲ್‌ಗೆ ಐವತ್ತರ ಹತ್ರ. ಒಂದೂವರೆ ಪಟ್ಟು ಜಾಸ್ತಿ. ಈ ಒಂದೂವರೆ ಪಟ್ಟು ಅನ್ನೋದು ನೋಡಿದ ಕೂಡ್ಲೇ ಕೆಲವರಿಗೆ ಗೊತ್ತಾಗಿರುತ್ತೆ. ಬ್ಲೇಡ್ ತಗೊಂಡು ಒಂದು ಎಳೆ ಕೆರೆದೆ. ಮೇಲೆ ಕೆಂಪು, ಒಳಗೆ ಬೆಳ್ಳಗೆ. ಅಲ್ಯೂಮಿನಿಯಂಗೆ ತಾಮ್ರದ ಅಂಗಿ ತೊಡ್ಸಿದ ಸಿಸಿಎ ಕೇಬಲ್! ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರೆ, ಕೆಂಪಗಿರೋದೆಲ್ಲ ತಾಮ್ರಾನೂ ಅಲ್ಲ.

ಲಗ್ ಉದ್ದಕ್ಕೆ ಸೀಳಿ ನೋಡಿದ್ರೆ ಎಳೆಗಳು ಕೈಯಲ್ಲೇ ಎಳೆದ್ರೆ ಈಚೆ ಬರೋ ಹಾಗಿದ್ವು, ಮೇಲೆಲ್ಲ ಬೂದು ಬಿಳಿ ಪುಡಿ. ಅಲ್ಯೂಮಿನಿಯಂ ಒತ್ತಡದಲ್ಲಿ ನಿಧಾನಕ್ಕೆ ಆಕಾರ ಬದಲಿಸಿ ಜಾಗ ಬಿಡುತ್ತೆ, ಬಿಸಿ ಆಗಿ ತಣ್ಣಗಾಗಿ ಇನ್ನಷ್ಟು ಸಡಿಲ ಆಗುತ್ತೆ, ಗಾಳಿ ತಾಗಿದ ಕಡೆ ಆಕ್ಸೈಡ್ ಪದರ ಕಟ್ಟುತ್ತೆ, ಆ ಪದರ ಕರೆಂಟ್ ಬಿಡಲ್ಲ, ಆಗ ಇನ್ನೂ ಬಿಸಿ. ದಿನಾ ಸ್ವಲ್ಪ ಸ್ವಲ್ಪ ಕೆಡ್ತಾ ಹೋಗೋ ಕಾಯಿಲೆ ಇದು, ಅದಕ್ಕೇ ಮೊದಲ ವಾರ ಸಂಜೇಲೂ ಗ್ರೈಂಡರ್ ಒಂದೆರಡು ಸಲ ಓಡಿತ್ತು.

ಇನ್ನು ಮಾರಿದವರ ಬಗ್ಗೆ. ಶುದ್ಧ ತಾಮ್ರ ಅಂತ ಕೇಬಲ್ ಮೈಮೇಲೇ ಅಚ್ಚು ಹಾಕಿದೆ, ಬಿಲ್‌ನಲ್ಲೂ ಹಾಗೇ ಬರ್ದಿದೆ. ಫೋಟೋ ಕಳಿಸಿ ಕೇಳಿದ್ರೆ "ಎಲ್ರೂ ಇದನ್ನೇ ಹಾಕ್ತಾರೆ, ಕಂಪ್ಲೇಂಟ್ ಬಂದಿಲ್ಲ" ಅನ್ನೋ ಉತ್ತರ. ಸ್ಪೀಕರ್‌ಗೆ ಹಾಕೋದಾದ್ರೆ ಹಾಕ್ಲಿ, ಆದ್ರೆ ಬ್ಯಾಟರಿಗೆ ಹಾಕೋ ಕೇಬಲ್‌ನಲ್ಲಿ ಸುಳ್ಳು ಅಚ್ಚು ಒತ್ತೋದು ಬೆಂಕಿ ಜೊತೆ ಆಟ, ನನಗೆ ಈಗ್ಲೂ ಕೋಪ ಇಳಿದಿಲ್ಲ. ನಿಮ್ಮ ಹತ್ರ ಇರೋದನ್ನ ಕತ್ತರಿಸದೇ ಪರೀಕ್ಷೆ ಮಾಡೋಕೆ ತೂಕ ಸಾಕು: 25 ಸ್ಕ್ವೇರ್ ಎಂಎಂ ತಾಮ್ರ ಮೀಟರ್‌ಗೆ 220 ಗ್ರಾಂ ಮೇಲಿರ್ಬೇಕು, ಅದರ ಮೇಲೆ ಇನ್ಸುಲೇಶನ್ ತೂಕ ಬೇರೆ. ಸಿಸಿಎ ಆದ್ರೆ ಲೋಹ 90 ಗ್ರಾಂ ಆಸುಪಾಸು ಅಷ್ಟೇ. ಕೈಗೆತ್ತಿಕೊಂಡ್ರೇ ಹಗುರ ಅನ್ಸುತ್ತೆ.

ಈ ಮಿಲಿವೋಲ್ಟ್ ಬೇಟೆ ನಡೀತಿದ್ದಾಗ್ಲೇ ಮುಂದಿನ ಪ್ರಾಜೆಕ್ಟ್ ತಲೆಗೆ ಹೊಕ್ಬಿಡ್ತು, ಇಲ್ಲೇ ಹೇಳ್ಬಿಡ್ತೀನಿ. ಒಂದು ಇಎಸ್‌ಪಿ32 (ಪುಟ್ಟ ಕಂಟ್ರೋಲರ್ ಬೋರ್ಡ್), ಒಂದು ಐಎನ್‌ಎ226 (ಕರೆಂಟ್, ವೋಲ್ಟೇಜ್ ಅಳೆಯೋ ಚಿಪ್), ಮೈನಸ್ ಕಡೆ 100 ಆಂಪ್ 75 ಮಿಲಿವೋಲ್ಟ್ ಶಂಟ್ (ಕರೆಂಟ್ ಅಳೆಯೋಕೆ ದಾರೀಲಿ ಹಾಕೋ ತೀರಾ ಕಡಿಮೆ ರೆಸಿಸ್ಟೆನ್ಸ್‌ನ ತುಂಡು). ಆ ಚಿಪ್ ಸುಮಾರು 82 ಮಿಲಿವೋಲ್ಟ್‌ವರೆಗೆ ಅಳೆಯುತ್ತೆ, ಶಂಟ್ ಪೂರ್ತಿ ಕರೆಂಟ್‌ಗೆ 75 ಕೊಡುತ್ತೆ, ಒಂದಕ್ಕೊಂದು ಹೇಳಿ ಮಾಡ್ಸಿದ ಜೋಡಿ. ಬ್ಯಾಟರಿ ಹತ್ರದ ವೋಲ್ಟೇಜ್, ಇನ್ವರ್ಟರ್ ಹತ್ರದ ವೋಲ್ಟೇಜ್ ಎರಡನ್ನೂ ಬರ್ಕೊಂಡು, ವ್ಯತ್ಯಾಸಾನ ಕರೆಂಟ್‌ನಿಂದ ಭಾಗಿಸಿದ್ರೆ ದಾರಿಯ ಮಿಲಿಓಮ್ ದಿನಾ ಗೊತ್ತಾಗುತ್ತೆ, ಯಾವ್ದಾದ್ರೂ ಲಗ್ ಕೆಡೋಕೆ ಶುರು ಆದ್ರೆ ವಾರದ ಮುಂಚೇನೇ ಗ್ರಾಫ್ ಏರುತ್ತೆ. ಸಿಂಗಲ್ ಶಾಟ್‌ಗಾಗಿ ಸ್ಕೋಪ್ ಹಿಡಿದು ಕೂರೋದು ತಪ್ಪುತ್ತೆ. ಇನ್ನು ಮುಂದಿನ ಸಿಸ್ಟಮ್ ಕಟ್ಟಿದ್ರೆ 24 ವೋಲ್ಟ್‌ಗೇ, ಅದೇ ಕೇಬಲ್‌ನಲ್ಲಿ ಕರೆಂಟ್ ಅರ್ಧ, ನಷ್ಟ ಕಾಲು ಭಾಗ.

ಸರಿ, ರಿಪೇರಿಗೆ ಬರೋಣ. ಈ ಸಲ ಬೇರೆ ಕಡೆಯಿಂದ 35 ಸ್ಕ್ವೇರ್ ಎಂಎಂ ತಾಮ್ರ ತಂದೆ, ತೂಕ ಹಾಕಿ ಕೆರೆದು ನೋಡಿದ್ಮೇಲೇ ಕತ್ತರಿಸಿದ್ದು. ಇನ್ವರ್ಟರ್‌ನ ಬ್ಯಾಟರಿ ಹತ್ರಕ್ಕೆ ಸರಿಸಿದ್ದಕ್ಕೆ ಒಂದೊಂದು ಕೇಬಲ್ 80 ಸೆಂಟಿಮೀಟರ್‌ಗೆ ಇಳೀತು. ಹೈಡ್ರಾಲಿಕ್ ಕ್ರಿಂಪರ್‌ನಲ್ಲಿ ಲಗ್ ಒತ್ತಿದೆ. ಬ್ರೇಕರ್ ತೆಗೆದು ರೋಟರಿ ಐಸೊಲೇಟರ್ (ತಿರುಗಿಸಿ ಆಫ್ ಮಾಡೋ ಸ್ವಿಚ್) ಹಾಕಿದೆ, ಫ್ಯೂಸ್ ಹಾಗೇ ಇದೆ. ಲಗ್‌ಗಳ ತೂತು ಎಂ8 (8 ಎಂಎಂ ಬೋಲ್ಟ್‌ಗೆ) ಕೇಳಿದ್ರೆ ಎಂ10 ಬಂದಿತ್ತು, ಅದಕ್ಕೆ ಇನ್ನೊಂದು ವಾರ ಕಾದಿದ್ದಾಯ್ತು. ಹೊಸದಾಗಿ ಹಾಕ್ಕೊಳೋರು ಒಂದು ಗಮನದಲ್ಲಿಡಿ, ಲಗ್ ನೇರವಾಗಿ ಟರ್ಮಿನಲ್ ಮೇಲೆ ಕೂರ್ಬೇಕು, ವಾಷರ್ ಏನಿದ್ರೂ ಲಗ್ ಮೇಲೆ, ಅಡಿಗೆ ಬೇಡ.

ಮತ್ತೆ ಅದೇ ಹ್ಯಾಲೊಜೆನ್, ಅದೇ 30 ಆಂಪ್. ಒಟ್ಟು 532 ಮಿಲಿವೋಲ್ಟ್ ಇದ್ದಿದ್ದು 66ಕ್ಕೆ ಬಂತು. ಆ ನಂಬರ್ ನೋಡಿ ಒಬ್ಬನೇ ಶೆಡ್ಡಲ್ಲಿ ಚಪ್ಪಾಳೆ ಹೊಡೆದೆ.

ನಿನ್ನೆ ರಾತ್ರಿ ಏಳೂವರೆ, ಬ್ಯಾಟರಿ 13.2, ಹೊರಗೆ ಕಗ್ಗತ್ತಲು. ಸ್ಕೋಪ್ ಇಟ್ಟು ಗ್ರೈಂಡರ್ ಆನ್ ಮಾಡ್ದೆ. 12.1ಕ್ಕೆ ಇಳಿದು ಎದ್ದು ನಿಲ್ತು, ಇನ್ವರ್ಟರ್ ಉಸಿರೆತ್ತಲಿಲ್ಲ. ನಂಬಿಕೆ ಬರೋವರೆಗೂ ಆಫ್ ಮಾಡಿ ಆನ್ ಮಾಡಿ ನಾಲ್ಕು ಸಲ ನೋಡಿದೆ, ಆಮೇಲೆ ಮೂರು ವಾರದಿಂದ ಮೊಂಡಾಗಿ ಬಿದ್ದಿದ್ದ ಅರ್ಧ ಇಂಚಿನ ಉಳಿ ಮಸೆದೆ. ವಾರ ಬಿಟ್ಟು ಬೋಲ್ಟ್‌ಗಳನ್ನ ಒಂದು ಸಲ ಬಿಗಿ ನೋಡಿ, ಅದೇ 30 ಆಂಪ್‌ನಲ್ಲಿ ಮತ್ತೆ ಅಳೀತೀನಿ, 66 ಅಲ್ಲೇ ನಿಂತಿದೆಯಾ ಅಂತ.